ಮೇಳ ಕಟ್ಟಿದ್ದು ಯಾರು?

ವೀಣೆ ದಾರಿಯಲ್ಲಿ ಒಡೆದುಹೋದರೆ ಏನು ಗತಿ ಎಂದು ಮನೆಯವರೆಲ್ಲ ಚಿಂತಿಸುತ್ತಿದ್ದರು. ವಾರಿಜಾ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು, ತನಗೆ ಮಾತ್ರ ಕೇಳುವಂತೆ, ಬೇರೆಯದನ್ನೇ ಒಪ್ಪಿಕೊಂಡಳು. ವೀಣೆ ಕ್ಷೇಮವಾಗಿ ತಲುಪಿಬಿಟ್ಟರೆ ಏನು ಗತಿ?

ಅದು ಅವಳ ವೀಣೆಯಲ್ಲ, ಚೂಡಾಮಣಿ ಟೀಚರದು. ಜಯನಗರ ನಾಲ್ಕನೇ ಬ್ಲಾಕಿನ ಬಾಡಿಗೆ ಮನೆಯಲ್ಲಿ ಬಹಳ ವರ್ಷ ಪಾಠ ಹೇಳಿದ ಟೀಚರು ಸಂಕ್ರಾಂತಿ ಕಳೆದ ಮೇಲೆ ಗುಡ್ಡದಪಾಳ್ಯಕ್ಕೆ ಹೊರಟುಹೋಗಿದ್ದರು. ತುರಹಳ್ಳಿ ಕಾಡಿನ ಆಚೆ ಬದಿಯ ಹಳ್ಳಿ ಅದು. ಅಲ್ಲಿ ಅವರ ತಮ್ಮ ಶಾಲಾ ಮೇಷ್ಟರು. ಸಾಮಾನು ಸಾಗಿಸುವ ದಿನ ಲಾರಿಯ ಆಳು ವೀಣೆಯನ್ನು ಅಕ್ಕಿಮೂಟೆಯ ಹಾಗೆ ಎತ್ತಿದ್ದನ್ನು ಕಂಡು ಟೀಚರು ಅದನ್ನು ಕೆಳಗಿಳಿಸಿ ವಾರಿಜಾಳ ಕೈಗೆ ಕೊಟ್ಟಿದ್ದರು.

“ನಿನ್ನ ಹತ್ರ ಇರ್ಲಿ. ಅನುಕೂಲ ಆದಾಗ ಕಳಿಸು.”

ಅಂದಿನಿಂದ ವಾರಿಜಾ ಪ್ರತಿದಿನ ಬೆಳಗಿನ ಜಾವ ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ನುಡಿಸುತ್ತಿದ್ದಳು. ಬಿ.ಎ. ಮುಗಿದಿತ್ತು. ಟೀಚರೂ ಹೋಗಿದ್ದರು. ಇನ್ನು ಪಾಠವೂ ಮುಗಿದಂತೆ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೇ ಇರಲಿಲ್ಲ, ಅಷ್ಟು ಖಚಿತವಾಗಿತ್ತು. ವಾರಿಜಾಳೂ ಏನೂ ಹೇಳಲಿಲ್ಲ. ಮನೆಯಲ್ಲಿ ಮಾತು ಬೇಕಾದರೆ ಬೇರೆಯವರಿದ್ದರು.

ಎಂಬತ್ತೆರಡರ ಬೇಸಿಗೆಯಲ್ಲಿ ಹಾಲಿನವನ ಕೈಲಿ ಟೀಚರು ಹೇಳಿಕಳಿಸಿದರು. ಗುಡ್ಡದಪಾಳ್ಯದಲ್ಲಿ ಮೊದಲ ಸಲ ರಾಮೋತ್ಸವದ ಕಛೇರಿ. ಸೋಮವಾರ ದೀಪ ಹಚ್ಚುವ ಹೊತ್ತಿಗೆ ಶುರು. ಊರವರು ಚಪ್ಪರ ಹಾಕಿಸಿದ್ದಾರೆ, ಟೀಚರು ನುಡಿಸುತ್ತೇನೆಂದು ಮಾತು ಕೊಟ್ಟಿದ್ದಾರೆ. ವೀಣೆ ಬೇಕು.

ಭಾನುವಾರ ಸಂಜೆ ಸೇತುರಾಮ ಅಜ್ಜಿಯ ರಂಗೋಲಿ ಪುಡಿಯಿಂದಲೇ ಜಗಲಿಯ ಮೇಲೆ ನಕ್ಷೆ ಬರೆದ. ಅವನು ವಾರಿಜಾಳ ದೊಡ್ಡಪ್ಪನ ಮಗ, ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್. ಹಗ್ಗ, ಟಾರ್ಚು, ಸೀಟಿ, ನೀರಿನ ಬಾಟಲಿ ಕೂಡಿಡುವುದೇ ಅವನ ಹವ್ಯಾಸ. ಹಿಮಾಲಯ ಹತ್ತುವ ಅವಕಾಶ ಇನ್ನೂ ಬಂದಿರಲಿಲ್ಲ.

“ಬಸ್ಸು ಆಗಲ್ಲ. ಇದನ್ನ ನೋಡಿದ ತಕ್ಷಣ ಕಂಡಕ್ಟರು ರೈಟ್ ರೈಟ್ ಅಂದ್ಬಿಡ್ತಾನೆ. ಆಟೋದವನು ಉತ್ತರಹಳ್ಳಿ ಆಚೆ ಬರಲ್ಲ ಅಂದ. ಕನಕಪುರ ರಸ್ತೇಲಿ ಕಲ್ಲಿನ ಲಾರಿ ಕಾಟ. ಸೈಕಲ್ಲೇ ಗತಿ. ಬನಶಂಕರಿ, ಕದಿರೇನಹಳ್ಳಿ, ಚಿಕ್ಕಲಸಂದ್ರ, ಉತ್ತರಹಳ್ಳಿ, ಸುಬ್ರಹ್ಮಣ್ಯಪುರ. ಆಮೇಲೆ ಕಾಡು.”

“ಕಾಡಲ್ಲಿ ಏನಿದೆ ಕ್ಯಾಪ್ಟನ್?” ಎಂದಳು ಪಕ್ಕದ ಮನೆಯ ಅಲಮೇಲು. ವಾರಿಜಾಳ ಜೊತೆ ಓದಿದವಳು. ವಾರಿಜಾ ಆಡದೆ ಉಳಿಸಿದ ಮಾತನ್ನೆಲ್ಲ ಇವಳೇ ಆಡಿ ಮುಗಿಸುತ್ತಾಳೆಂದು ಅಜ್ಜಿ ಹೇಳುತ್ತಿದ್ದುದುಂಟು.

“ನವಿಲು, ಮುಳ್ಳು, ಬಂಡೆ. ಚಿರತೆ ಇದೆ ಅಂತಾನೂ ಅಂತಾರೆ.”

“ಚಿರತೆಗೆ ಸಂಗೀತ ಆಗುತ್ತೋ ಇಲ್ವೋ ಕೇಳಿದ್ದೀಯಾ?”

ಸೇತುರಾಮ ಲೆಕ್ಕಿಸಲಿಲ್ಲ. ಅವನು ಸೈಕಲ್ ತುಳಿಯುವುದು, ಹಿಂದೆ ಕ್ಯಾರಿಯರ್ ಮೇಲೆ ವಾರಿಜಾ ವೀಣೆಯನ್ನು ಮಗುವಿನಂತೆ ತಬ್ಬಿ ಕೂರುವುದು, ಅಲಮೇಲು ತನ್ನ ಸೈಕಲ್ಲಿನಲ್ಲಿ ಮುಂದೆ ಹೋಗಿ ಗುಂಡಿಗಳನ್ನು ಕೂಗಿ ಹೇಳುವುದು. ವೀಣೆಯ ಉದ್ದನೆಯ ದಂಡಿಯ ತುದಿಯ ಸೋರೆ ಬುರುಡೆಯನ್ನು ಬಿಚ್ಚಿ ಅಲಮೇಲುವಿನ ಬುಟ್ಟಿಯಲ್ಲಿ ಇಡುವುದು. ಒಂದು ಸೀಟಿ ಊದಿದರೆ ‘ನಿಲ್ಲಿ’, ಎರಡು ಊದಿದರೆ ‘ಹೊರಡಿ’.

ವೀಣೆಯಲ್ಲಿ ಕೆಡುವುದು ಮರವೊಂದೇ ಅಲ್ಲ. ದಂಡಿಯ ಉದ್ದಕ್ಕೂ ಕರಿಮೇಣ ಹಾಸಿ, ಅದರಲ್ಲಿ ಇಪ್ಪತ್ತನಾಲ್ಕು ಹಿತ್ತಾಳೆ ಮೆಟ್ಟಿಲುಗಳನ್ನು ಕಿವಿಯಿಂದಲೇ ಅಳೆದು ಕೂರಿಸಿರುತ್ತಾರೆ. ಅದಕ್ಕೆ ಮೇಳ ಕಟ್ಟುವುದು ಎಂದು ಹೆಸರು. ಒಂದು ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ, ಬಿಸಿಲು ತಾಗಿದರೆ ಮೇಣ ಸಡಿಲವಾಗುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲೇ ಹೊರಟು, ಬಿಸಿಲೇರುವುದರೊಳಗೆ ತಲುಪಬೇಕೆಂದು ಮೂವರೂ ಒಪ್ಪಿಕೊಂಡರು.

ಬೆಳಿಗ್ಗೆ ಅಲಮೇಲುವಿನ ಸೈಕಲ್ ಪಂಕ್ಚರ್ ಆಗಿತ್ತು. ಅಂಗಡಿ ತೆರೆಯುವವರೆಗೆ ಕಾದು, ತೇಪೆ ಹಾಕಿಸಿ ತಂದು, ಇನ್ನೇನು ಗೇಟು ತೆರೆಯಬೇಕು, ಅಜ್ಜಿ ಅಡ್ಡ ನಿಂತರು.

“ಸೋಮವಾರ ಕಣ್ರೋ. ಏಳೂವರೆ ಹೊಡೀತು. ಸರಸ್ವತೀನ ರಾಹುಕಾಲದಲ್ಲಿ ಹೊಸಲು ದಾಟಿಸ್ತೀರಾ?”

“ಅಜ್ಜಿ, ಬಿಸಿಲು ಬರುತ್ತೆ,” ಎಂದ ಸೇತುರಾಮ.

“ಬಿಸಿಲಿಗೆ ಕೊಡೆ ಇದೆ. ರಾಹುಗೆ ಏನಿದೆ?”

ವಾರಿಜಾಳ ಅಪ್ಪ ಬದರಿನಾಥರು ಪೇಪರಿನ ಹಿಂದಿನಿಂದ, “ಒಂಬತ್ತಕ್ಕೆ ಹೊರಡಿ, ಏನೂ ಹೋಗಲ್ಲ,” ಎಂದರು. ಮೇಣ ಕರಗುತ್ತೆ ಅಪ್ಪ ಎಂಬ ಮಾತು ವಾರಿಜಾಳ ಗಂಟಲವರೆಗೆ ಬಂದು ಅಲ್ಲೇ ಕೂತಿತು. ಅವರು ಕಾದರು. ರಾಹು ಸಾವಕಾಶವಾಗಿ ಹೋದ.

ಹೊರಟಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಒಳಗೆ ಹಳೆಯ ರೇಷ್ಮೆ ಸೀರೆ, ಅದರ ಮೇಲೆ ರಗ್ಗು, ಅದರ ಮೇಲೆ ಧೂಳಿಗೆಂದು ಸೇತುರಾಮ ಸುತ್ತಿದ ಪ್ಲಾಸ್ಟಿಕ್ ಹಾಳೆ. ವಾರಿಜಾಳ ತೊಡೆಯ ಮೇಲೆ ಕೂತ ವೀಣೆ ಮೈಸುಡುವ ಮಗುವಿನ ಹಾಗಿತ್ತು.

ಬನಶಂಕರಿ ದೇವಸ್ಥಾನದ ಹತ್ತಿರ, ರಾಹುಕಾಲದ ಪೂಜೆ ಮುಗಿಸಿಕೊಂಡು ಹೆಂಗಸರು ಗುಂಪಾಗಿ ರಸ್ತೆ ದಾಟುತ್ತಿದ್ದರು.

“ನೋಡಿದ್ಯಾ?” ಅಲಮೇಲು ತಿರುಗಿ ಕೂಗಿದಳು. “ಇವರೆಲ್ಲ ರಾಹುಕಾಲ ನೋಡ್ಕೊಂಡೇ ಮನೆ ಬಿಟ್ಟಿದ್ದಾರೆ! ನಾವು ಅದಕ್ಕೇ ಹೆದರಿ ಕೂತಿದ್ವಿ!”

ಅವಳ ಕೂಗಿಗೆ ತಿರುಗಿದವನು ಪೊಲೀಸ್ ಪೇದೆ.

“ಏಯ್, ನಿಲ್ಸು! ಡಬಲ್ ರೈಡಿಂಗು! ಮೂರನೇದು ಯಾರು ಅದು, ಕಂಬಳಿ ಹೊದ್ಕೊಂಡು?”

“ವೀಣೆ ಸಾರ್,” ಎಂದ ಸೇತುರಾಮ.

“ವೀಣಾ ಆಗ್ಲಿ ವಾಣಿ ಆಗ್ಲಿ, ಸೈಕಲ್ ಮೇಲೆ ಒಬ್ರೇ. ಇಳೀರಿ ಮೇಡಂ.”

ರಗ್ಗು ಸರಿಸಿ ದಂಡಿಯ ತುದಿಗೆ ಕೆತ್ತಿದ ಯಾಳಿಯ ಸಿಂಹಮುಖ ತೋರಿಸಿದ ಮೇಲೆ ಅವನು ಕೈಮುಗಿದ. ಆದರೆ ಕಾನೂನು ಬಿಡಲಿಲ್ಲ. “ದೇವರನ್ನ ಕರ್ಕೊಂಡು ಹೋಗಿ, ಬೇಡ ಅನ್ನಲ್ಲ. ಹಿಂದುಗಡೆ ಇನ್ನೊಬ್ರು ಬೇಡ.”

ಮುಂದಿನ ತಿರುವಿನಲ್ಲಿ ಚಕ್ರಪಾಣಿಯ ಬಾಡಿಗೆ ಸೈಕಲ್ ಅಂಗಡಿ ಇತ್ತು. ಉಳಿದಿದ್ದುದು ಒಂದೇ ಸೈಕಲ್ಲು, ಬೆಲ್ ಇಲ್ಲದ್ದು. ರಾತ್ರಿಯೂ ಬೇಕೆಂದಾಗ ಚಕ್ರಪಾಣಿ ಸೇತುರಾಮನ ಕೈ ನೋಡಿದ. ಸೇತುರಾಮ ನಿಟ್ಟುಸಿರು ಬಿಟ್ಟು ತನ್ನ ಎಚ್ಚೆಂಟಿ ವಾಚನ್ನು ಒತ್ತೆಗೆ ಬಿಚ್ಚಿಕೊಟ್ಟ.

“ಬ್ರೇಕು?” ಎಂದು ಕೇಳಿದಳು ಅಲಮೇಲು.

“ಹಿಂದಿಂದು ಸಖತ್ತಾಗಿದೆ. ಮುಂದಿಂದು ನಂಬ್ಬೇಡಿ,” ಎಂದ ಚಕ್ರಪಾಣಿ.

ವಾರಿಜಾ ಜಯನಗರದ ಗೆರೆ ಎಳೆದಂಥ ರಸ್ತೆಗಳ ಆಚೆ ಎಂದೂ ಸೈಕಲ್ ತುಳಿದವಳಲ್ಲ. ಚೂಡಿದಾರದ ದುಪಟ್ಟವನ್ನು ಸೊಂಟಕ್ಕೆ ಬಿಗಿದು ಹತ್ತಿದಳು. ವೀಣೆಯ ಬುಡದ ದುಂಡನೆಯ ಕೊಡವನ್ನು ದಿಂಬಿನ ಮೇಲಿಟ್ಟು ಸೇತುರಾಮನ ಕ್ಯಾರಿಯರಿಗೆ ಕೂರಿಸಿ, ದಂಡಿಯನ್ನು ಅವನ ಬೆನ್ನಿಗೆ ನೆಟ್ಟಗೆ ನಿಲ್ಲಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಅವನ ಎದೆಗೆ ಸುತ್ತಿ ಬಿಗಿದರು. ಹಿಂದಿನಿಂದ ನೋಡಿದರೆ ಸೇತುರಾಮನಿಗೆ ಎರಡು ತಲೆ, ಮೇಲಿನದು ಬಾಯಿ ತೆರೆದ ಯಾಳಿಯದು.

“ಮೇಲಿನ ತಲೆಗೇ ಬುದ್ಧಿ ಜಾಸ್ತಿ ಅನ್ಸುತ್ತೆ,” ಎಂದಳು ಅಲಮೇಲು.

ಸೀಟಿ ಎರಡು ಸಲ ಊದಿತು.

ಕದಿರೇನಹಳ್ಳಿ ದಾಟಿದ ಮೇಲೆ ಊರು ಹಿಂದುಳಿಯಿತು. ಎರಡೂ ಬದಿಗೆ ಕೊಯ್ಲಾದ ರಾಗಿ ಹೊಲಗಳು, ಕೂಳೆಯ ನಡುವೆ ಮೇಯುವ ಕುರಿಗಳು, ಅಲ್ಲೊಂದು ಇಲ್ಲೊಂದು ಇಟ್ಟಿಗೆ ಗೂಡಿನ ಹೊಗೆ. ಹೊಂಗೆ ಮರಗಳು ಹೂ ಉದುರಿಸಿ ರಸ್ತೆಯ ಅಂಚನ್ನೆಲ್ಲ ನಸುಗೆಂಪು ಮಾಡಿದ್ದವು. ಚಿಕ್ಕಲಸಂದ್ರದ ಕೆರೆಯಲ್ಲಿ ನೀರು ನಡುವಿಗೆ ಸರಿದು, ಬಿರಿದ ಮಣ್ಣಿನ ಮೇಲೆ ಕೊಕ್ಕರೆಗಳು ಯಾರಿಗೋ ಕಾಯುವವರಂತೆ ನಿಂತಿದ್ದವು. ವಾರಿಜಾ ಇವನ್ನೆಲ್ಲ ಕಣ್ಣಂಚಿನಲ್ಲಿ ಕಂಡಳು. ಅವಳ ದೃಷ್ಟಿ ಇದ್ದುದು ಮುಂದೆ ಕುಣಿಯುತ್ತಿದ್ದ ಯಾಳಿಯ ಮೇಲೆ. ಪ್ರತಿ ಗುಂಡಿಗೂ ಅವಳ ಹಲ್ಲು ಬಿಗಿಯುತ್ತಿತ್ತು.

“ಎಡಕ್ಕೆ ಗುಂಡಿ! ಬಲಕ್ಕೆ ಎಮ್ಮೆ! ಎಮ್ಮೆ ಪಕ್ಕ ಇನ್ನೊಂದು ಗುಂಡಿ!” ಅಲಮೇಲು ಬಿಡುವಿಲ್ಲದೆ ಕೂಗುತ್ತಿದ್ದಳು.

ಉತ್ತರಹಳ್ಳಿಯ ಹುಣಸೆ ಮರದ ಕೆಳಗೆ ಸಪ್ಪಲಮ್ಮ ಎಂಬಾಕೆ ಮಡಕೆಯಲ್ಲಿ ಮಜ್ಜಿಗೆ ಇಟ್ಟುಕೊಂಡು ಕೂತಿದ್ದಳು. ಸೇತುರಾಮನ ಬೆನ್ನು ನೋಡಿ ಅವಳಿಗೆ ಗಾಬರಿಯಾಯಿತು.

“ಅಯ್ಯೋ ಸಿವನೆ, ಮುದುಕೀನ ಇಂಗೆ ಕಟ್ಕಂಡು ಓಯ್ತಿದ್ದೀರಲ್ಲ! ಉಸಿರಾದ್ರೂ ಆಡ್ತಾ ಐತಾ?”

“ಮುದುಕಿ ಅಲ್ಲ ಅಮ್ಮ, ವೀಣೆ.”

“ವೀಣೇನಾ? ಅಂಗಾರೆ ನೆಳ್ಳಿಗೆ ತನ್ನಿ. ಬಿಸ್ಲಾಗೆ ಯಾಕೆ ಬೇಯಿಸ್ತೀರಿ?”

ಅವರು ಮಜ್ಜಿಗೆ ಕುಡಿದರು, ಎರಡೆರಡು ಲೋಟ. ಇಲ್ಲೇ ಬಿಚ್ಚಿ ನೋಡೋಣ ಎಂದು ವಾರಿಜಾಳಿಗೆ ಅನಿಸಿತು. ಸೇತುರಾಮ ಆಗಲೇ ಸೀಟಿ ಬಾಯಿಗಿಟ್ಟಿದ್ದ. ಅವಳು ಲೋಟ ಕೆಳಗಿಟ್ಟಳು.

ಸುಬ್ರಹ್ಮಣ್ಯಪುರದ ಆಚೆ ಟಾರು ಮುಗಿದು ಕೆಂಪು ಮಣ್ಣಿನ ಜಾಡು ಶುರುವಾಯಿತು. ಜಾಡು ಒಂದೇ ಸಮನೆ ಏರಿ, ಕೆರೆಯ ಏರಿಯ ಕಡೆಗೆ ದಡಕ್ಕನೆ ಇಳಿಯಿತು. ಇಳಿಜಾರಿನ ಬುಡದಲ್ಲಿ ಕುರಿಮಂದೆ.

ಅಲಮೇಲು ಹೇಗೋ ತೂರಿಕೊಂಡು ಹೋದಳು. ಸೇತುರಾಮ ಕಾಲೂರಿ ನಿಂತ. ವಾರಿಜಾ ಹಿಂದಿನ ಬ್ರೇಕು ಹಿಡಿದಳು. ಏನೋ ಟಣ್ ಎಂದು ಕಳಚಿ ಬಿತ್ತು.

ಎದುರಿಗೆ ವೀಣೆ.

ಅವಳಿಗೆ ಬೆಲ್ಲೂ ಇರಲಿಲ್ಲ, ದನಿಯೂ ಬರಲಿಲ್ಲ. ಹ್ಯಾಂಡಲನ್ನು ಎಡಕ್ಕೆ ಎಳೆದಳು. ಸೈಕಲ್ಲು ಜಾಡು ಬಿಟ್ಟು ಲಂಟಾನದ ಪೊದೆಗೆ ನುಗ್ಗಿತು. ಯಾಳಿಯ ಕಿವಿ ಒಂದು ಗೇಣಿನಷ್ಟು ಪಕ್ಕದಲ್ಲಿ ಹಾದುಹೋಯಿತು.

“ವಾರಿಜಾ!”

“ಇದ್ದೀನಿ,” ಎಂಬ ಸಣ್ಣ ದನಿ ಪೊದೆಯೊಳಗಿನಿಂದ ಬಂತು.

ಮೊಣಕೈ ತರಚಿತ್ತು, ಕೂದಲಲ್ಲಿ ಲಂಟಾನದ ಹೂವು ಸಿಕ್ಕಿಕೊಂಡಿತ್ತು. ಸೇತುರಾಮ ಬಿದ್ದ ಬ್ರೇಕಿನ ಕಟ್ಟೆಯನ್ನು ಹುಡುಕಿ ತಂತಿ ಸುತ್ತಿ ಕೂರಿಸಿದ. “ಸಖತ್ತಾಗಿದೆ ಅಂದಿದ್ದ ಆ ಚಕ್ರಪಾಣಿ. ವಾಚು ಬೇರೆ ಇಸ್ಕೊಂಡ,” ಎಂದು ಗೊಣಗಿದ.

ಕಾಡು ಅಲ್ಲಿಂದ ಶುರು. ಮೊದಲು ಸಾಲು ನೀಲಗಿರಿ, ಆಮೇಲೆ ಮುಳ್ಳುಕಂಟಿ, ಆಮೇಲೆ ಆನೆಗಳು ಮಲಗಿದಂಥ ಬಂಡೆಗಳು. ಬಂಡೆಗಳ ಮೇಲೆ ಬಿಸಿಲು ನೀರಿನ ಹಾಗೆ ಅಲುಗುತ್ತಿತ್ತು. ಎಲ್ಲೋ ನವಿಲು ಕೂಗಿ ಸುಮ್ಮನಾಯಿತು. ವೀಣೆಯನ್ನು ಸೇತುರಾಮನ ಬೆನ್ನಿನಲ್ಲೇ ಬಿಟ್ಟು, ಮೂವರೂ ಸೈಕಲ್ ಇಳಿದು ತಳ್ಳತೊಡಗಿದರು. ಜಾಡು ಎರಡಾಗಿ ಸೀಳಿದ ಕಡೆ ಸೇತುರಾಮ ನಿಲ್ಲಲು ಹೇಳಿ, ಗಟ್ಟಿಯಾಗಿ ಒಂದು ಸೀಟಿ ಊದಿದ.

ಬಂಡೆಯ ಆಚೆಯಿಂದ ಯಾರೋ ಓ ಎಂದು ಉತ್ತರ ಕೊಟ್ಟರು. ಆಮೇಲೆ ಓಡುವ ಕಾಲುಗಳ ಸದ್ದು. ಕೆಂಪು ಬಟ್ಟೆ ಕಟ್ಟಿದ ಕೋಲು ಹಿಡಿದ ಒಬ್ಬ ಮನುಷ್ಯ ಬಂಡೆಯ ತಿರುವಿನಿಂದ ಬಂದವನು ಇವರನ್ನು ಕಂಡು ಸ್ತಬ್ಧನಾದ.

“ಯಾವನಯ್ಯಾ ಸೀಟಿ ಊದಿದ್ದು?”

“ನಾನು. ಯಾಕೆ?”

“ಇಲ್ಲಿ ಸೀಟಿ ಅಂದ್ರೆ ಮದ್ದಿನ ಬತ್ತಿ ಅಚ್ಚು ಅಂತ! ಅಚ್ಚಾಯ್ತು! ಬಂಡೆ ಸಿಡೀತದೆ, ಓಡ್ರಿ!”

ಅವನೇ ಮುಂದೆ ಓಡಿದ. ಸೈಕಲ್ಲುಗಳನ್ನು ಬಿದ್ದಲ್ಲಿ ಬಿಟ್ಟರು. ಅಲಮೇಲು ಬುರುಡೆಯನ್ನು ಬುಟ್ಟಿ ಸಮೇತ ಕಿತ್ತುಕೊಂಡಳು. ವಾರಿಜಾ ಸೇತುರಾಮನ ಹಿಂದೆ, ಎರಡೂ ಕೈಗಳಲ್ಲಿ ಕೊಡವನ್ನು ಎತ್ತಿಹಿಡಿದು, ಅವನ ಹೆಜ್ಜೆಗೆ ಹೆಜ್ಜೆ ಹಾಕಿ ಓಡಿದಳು. ಎರಡು ಬಂಡೆಗಳು ಒರಗಿ ನಿಂತ ಕಡೆ ಗುಹೆಯಂಥ ಒಂದು ಸಂದು. ನಾಲ್ವರೂ ಒಳಗೆ ನುಗ್ಗಿ ಕುಕ್ಕರಿಸಿದರು.

ಭೂಮಿ ಒಮ್ಮೆ ಒದೆಯಿತು. ಸದ್ದು ಆಮೇಲೆ ಬಂತು.

ಕಲ್ಲಿನ ಚೂರುಗಳು ನೀಲಗಿರಿಯ ಎಲೆಗಳ ಮೇಲೆ ಆಲಿಕಲ್ಲಿನಂತೆ ಉದುರಿದವು. ಅದೂ ನಿಂತ ಮೇಲೆ, ಗುಹೆಯೊಳಗೆ ಇನ್ನೊಂದು ನಾದ ಉಳಿದಿತ್ತು. ರಗ್ಗಿನೊಳಗೆ, ಯಾರೂ ಮುಟ್ಟದೆ, ವೀಣೆಯ ತಂತಿಗಳು ಗುಂಯ್ ಎನ್ನುತ್ತಿದ್ದವು.

ಕೆಂಪು ಬಟ್ಟೆಯವನು ಅದನ್ನು ಕೇಳಿ, ಬೈಯಬೇಕೆಂದು ತೆರೆದ ಬಾಯಿ ಮುಚ್ಚಿದ. ಅವನ ಹೆಸರು ಉಗ್ರಪ್ಪ, ಕಲ್ಲು ಕ್ವಾರಿಯ ಕಾವಲಿನವನು. “ಒಳಗೆ ಜೀವ ಐತೆ,” ಎಂದಷ್ಟೇ ಹೇಳಿದ. ಆಮೇಲೆ ಸೇತುರಾಮನ ಕೊರಳಿನಿಂದ ಸೀಟಿ ಬಿಚ್ಚಿಕೊಂಡು ತನ್ನ ಜೇಬಿಗೆ ಹಾಕಿಕೊಂಡ. ಸೇತುರಾಮ ತಡೆಯಲಿಲ್ಲ.

ವಾರಿಜಾ ಆ ನಾದವನ್ನು ಬೇರೆ ರೀತಿ ಕೇಳಿದ್ದಳು. ಅದರಲ್ಲಿ ಏನೋ ಕಿರಕಿರ ಇತ್ತು.

“ಬಿಚ್ಚಿ,” ಎಂದಳು.

ಪಟ್ಟಿ ಬಿಚ್ಚಿ, ಪ್ಲಾಸ್ಟಿಕ್ ಸರಿಸಿದರೆ ಒಳಗಿನಿಂದ ಒಲೆಯ ಬಾಯಿಂದ ಬರುವ ಹಾಗೆ ಬಿಸಿ. ಕೊಡ ಸರಿಯಿತ್ತು, ತಂತಿ ಹೊರುವ ಕುದುರೆಯೂ ಸರಿಯಿತ್ತು. ದಂಡಿಯ ನಡುವೆ, ಟ್ಯೂಬಿನ ಪಟ್ಟಿ ಬಿಗಿದಿದ್ದ ಜಾಗದಲ್ಲಿ, ಮೂರು ಮೆಟ್ಟಿಲುಗಳು ಮೆತ್ತಗಾದ ಮೇಣದಲ್ಲಿ ಕುಸಿದು ಒಂದರ ಮೇಲೊಂದು ವಾಲಿದ್ದವು. ಹದಿಮೂರು, ಹದಿನಾಲ್ಕು, ಹದಿನೈದು.

ಸೇತುರಾಮನ ಮುಖ ನೋಡಲಾಗುವಂತಿರಲಿಲ್ಲ.

“ನಾನೇ ಬಿಗಿಸಿದ್ದು,” ಎಂದ. “ವಾಪಸ್ ಹೋಗೋಣ ಬಿಡು. ಇದನ್ನ ಕಟ್ಟೋರು ಊರಿಗೆ ಬರೋಕೆ ಇನ್ನು ತಿಂಗಳಾಗುತ್ತೋ ಎರಡು ತಿಂಗಳಾಗುತ್ತೋ. ನಾನು ಹೋಗಿ ಟೀಚರಿಗೆ ಹೇಳ್ತೀನಿ. ಅಲ್ಲೀವರೆಗೂ ನಿನ್ನ ಹತ್ರಾನೇ ಇರ್ಲಿ.”

ಬೆಳಿಗ್ಗೆ ಕನ್ನಡಿಯ ಮುಂದೆ ಅವಳು ಬಯಸಿದ್ದು ಇದನ್ನೇ. ಕೇಳದೆಯೇ ಸಿಕ್ಕಿತ್ತು, ತಪ್ಪು ಅವಳದೂ ಅಲ್ಲ. ಹೂಂ ಎಂದರೆ ಸಾಕು. ಹೂಂ ಎನ್ನುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಅವಳು ವಾಲಿದ ಮೆಟ್ಟಿಲುಗಳನ್ನು ನೋಡಿದಳು. ಇಷ್ಟು ಹೊತ್ತಿಗೆ ಟೀಚರು ಚಪ್ಪರದ ಕೆಳಗೆ ಚಾಪೆ ಹಾಸಿಸುತ್ತಿರುತ್ತಾರೆ. ಬೆರಳಿಗೆ ಎಣ್ಣೆ ಹಚ್ಚಿಕೊಂಡು, ಕಾಡಿನ ದಾರಿ ನೋಡುತ್ತ ಕೂತಿರುತ್ತಾರೆ.

ಹೆಬ್ಬೆರಳಿನಿಂದ ಮೇಣವನ್ನು ಒತ್ತಿ ನೋಡಿದಳು. ಇನ್ನೂ ಮೆತ್ತಗಿತ್ತು. ಗುಹೆಯ ಕಲ್ಲು ಮಾತ್ರ ತಣ್ಣಗಿತ್ತು, ಸ್ವಲ್ಪ ಹೊತ್ತಿನಲ್ಲಿ ಮೇಣ ಬಿಗಿಯುತ್ತದೆ. ಬಿಗಿಯುವ ಮುಂಚೆ ಎಷ್ಟಾದರೆ ಅಷ್ಟು.

“ಅಲಮೇಲು, ಇಲ್ಲಿ ಬಾ. ನಾನು ಹೇಳಿದಾಗ ಈ ತಂತಿ ಮೀಟು. ಸೇತಣ್ಣ, ನೀನು ಕೊಡ ಹಿಡ್ಕೋ. ಅಲ್ಲಾಡ್ಬೇಡ.”

“ನಿಂಗೆ ಮೇಳ ಕಟ್ಟೋಕೆ ಬರುತ್ತಾ?” ಎಂದ ಸೇತುರಾಮ.

“ಗೊತ್ತಿಲ್ಲ.”

ಬಿರಡೆ ತಿರುಗಿಸಿ ತಂತಿಯನ್ನು ಷಡ್ಜಕ್ಕೆ ಏರಿಸಿದಳು. ಕೆಳಗಿನ ಮೆಟ್ಟಿಲುಗಳು ಕದಲಿರಲಿಲ್ಲ. ಹದಿಮೂರನೆಯದು ನುಡಿಯಬೇಕಾದ ಸ್ವರವೇ, ಒಂದು ಸ್ಥಾಯಿ ಕೆಳಗೆ, ಮೊದಲನೆಯ ಮೆಟ್ಟಿಲಿನಲ್ಲಿತ್ತು. ಹದಿನೈದಕ್ಕೆ ಮೂರನೆಯದು. ಕೆಳಗಿನದನ್ನು ಕೇಳುವುದು, ಮೇಲಿನದನ್ನು ಅದಕ್ಕೆ ಸರಿದೂಗಿಸುವುದು. ಎರಡು ತಿಂಗಳು ಬಾಗಿಲು ಮುಚ್ಚಿಕೊಂಡು ಅವಳು ಕೇಳಿದ್ದುದು ಈ ಸ್ವರಗಳನ್ನೇ ಅಲ್ಲವೇ.

“ಮೀಟು.”

ಟಿಂವ್.

“ಇನ್ನೊಂದ್ಸಲ.”

ಉಗುರಿನಿಂದ ಮೇಣ ಎಬ್ಬಿಸಿ, ಹಿತ್ತಾಳೆಯನ್ನು ಅಕ್ಕಿ ಕಾಳಿನಷ್ಟು ಸರಿಸಿದಳು. ಮತ್ತೆ ಕೇಳಿದಳು. ಎಳ್ಳಿನಷ್ಟು ಹಿಂದಕ್ಕೆ. ಮತ್ತೆ. ಹದಿಮೂರು ಕೂತಿತು. ಮೂಗಿನ ತುದಿಯಿಂದ ಬೆವರು ದಂಡಿಯ ಮೇಲೆ ಬೀಳದಂತೆ ಅಲಮೇಲು ತನ್ನ ಸೆರಗಿನಿಂದ ಒರೆಸಿದಳು. ಆ ಇಡೀ ಹೊತ್ತು ಅವಳ ಬಾಯಿಂದ ಒಂದು ಮಾತೂ ಬರಲಿಲ್ಲ. ಹದಿನೈದು ಕೂತಿತು. ಸೇತುರಾಮ ಕಾಲು ಜೋಮು ಹಿಡಿದು ಹಲ್ಲುಕಚ್ಚಿ ಕೂತಿದ್ದ. ಹೊರಗೆ ಉಗ್ರಪ್ಪ ಕೆಂಪು ಬಟ್ಟೆ ಬೀಸುತ್ತ, ಈ ಕಡೆ ಬಂದ ಕೆಲಸದವರಿಗೆಲ್ಲ ಬಾಯಿ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ.

ನಡುವಿನ ಹದಿನಾಲ್ಕು ಕಡೆಯದು. ಅದಕ್ಕೆ ಬರುವಷ್ಟರಲ್ಲಿ ಮೇಣ ಬಿಗಿಯತೊಡಗಿತ್ತು. ಒತ್ತಿದಳು, ಸರಿಸಿದಳು, ಕೇಳಿದಳು. ಇನ್ನೂ ಒಂದೆಳೆ ಹೆಚ್ಚು. ಇನ್ನೊಮ್ಮೆ ಒತ್ತಿದಳು. ಮೆಟ್ಟಿಲು ಕದಲಲಿಲ್ಲ. ಮತ್ತೆ ಬಿಸಿಲಿಗೆ ಒಡ್ಡಿದರೆ ಸರಿಪಡಿಸಿದ ಎರಡೂ ಕೆಡುತ್ತವೆ.

“ಸಾಕು,” ಎಂದಳು. “ಇಷ್ಟೇ ಆಗೋದು.”

ಬಿಸಿಲು ವಾಲುವವರೆಗೆ ವೀಣೆಯನ್ನು ತಣ್ಣನೆಯ ಕಲ್ಲಿಗೆ ಒರಗಿಸಿ ಕಾದರು. ಈ ಸಲ ಪ್ಲಾಸ್ಟಿಕ್ ಇಲ್ಲ, ಪಟ್ಟಿ ಇಲ್ಲ. ಸೇತುರಾಮ ಬೆನ್ನು ಕೊಡಲು ಬಂದಾಗ ವಾರಿಜಾ ತಲೆಯಾಡಿಸಿದಳು. “ನಾನು ಎತ್ಕೋತೀನಿ. ನೀವು ಸೈಕಲ್ ತಳ್ಳಿ.”

“ಒಂದು ನಂಗೆ ಕೊಡ್ರವ್ವ,” ಎಂದ ಉಗ್ರಪ್ಪ. “ಗುಡ್ಡ ದಾಟಿಸಿ ಬತ್ತೀನಿ. ಇವನ ಕೈಗೆ ಇನ್ಯಾರಾನಾ ಸೀಟಿ ಕೊಟ್ಟಾರು.”

ಇಳಿಜಾರಿನಲ್ಲಿ ಬಂಡೆಗಳು ನುಣುಪಾಗಿದ್ದವು. ವಾರಿಜಾ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಇಳಿದಳು. ಕಡಿದಾದ ಕಡೆ ಸೇತುರಾಮ ಕೆಳಗೆ ಹೋಗಿ ಕೈ ಚಾಚುತ್ತಿದ್ದ. ಅವಳು ವೀಣೆಯನ್ನು ದಾಟಿಸಿ, ಕೂತು ಜಾರಿ, ಮತ್ತೆ ಇಸಿದುಕೊಳ್ಳುತ್ತಿದ್ದಳು. ಒಮ್ಮೆ ಕಾಲು ಜಾರಿ ಬೆನ್ನ ಮೇಲೆ ಬಿದ್ದಳು. ಬಿದ್ದವಳ ಎರಡೂ ಕೈ ಮೇಲಿದ್ದವು, ವೀಣೆ ಅವುಗಳ ಮೇಲಿತ್ತು. ಕಾಡಿನ ಅಂಚಿಗೆ ಬಂದಾಗ ಕೆಳಗಿನಿಂದ “ಹಲೋ, ಹಲೋ, ಮೈಕ್ ಟೆಸ್ಟಿಂಗ್” ಎಂಬ ದನಿ ಕೇಳಿಸಿತು.

ಚೂಡಾಮಣಿ ಟೀಚರು ಚಪ್ಪರದ ಬಾಗಿಲಲ್ಲೇ ನಿಂತಿದ್ದರು. ತಡವೇಕೆಂದು ಕೇಳಲಿಲ್ಲ. ಮೂವರಿಗೂ ಪಾನಕ ಕೊಡಿಸಿ, ಬುರುಡೆ ಸೇರಿಸಿ, ವೀಣೆ ಮುಂದಿಟ್ಟುಕೊಂಡು ಶ್ರುತಿ ಮಾಡತೊಡಗಿದರು. ಮಂದ್ರದಿಂದ ಮೇಲಕ್ಕೆ ಬೆರಳು ಓಡಿಸುತ್ತ ಬಂದವರು ಫಕ್ಕನೆ ನಿಂತರು.

“ಮೇಳ ಕಟ್ಟಿದ್ದು ಯಾರು?”

ಸೇತುರಾಮ ಎದೆಯುಬ್ಬಿಸಿ ಮುಂದೆ ಬಂದ. “ನಾನೇ ಟೀಚರ್! ಇವರಿಬ್ಬರನ್ನೂ ಸೇರಿಸಿ, ನಿನ್ನೆ ಸಂಜೇನೇ ಪ್ಲಾನ್ ಹಾಕಿ, ನಕ್ಷೆ ಬರೆದು...”

ಅಲಮೇಲು ಪಾನಕ ನೆತ್ತಿಗೇರಿ ಕೆಮ್ಮಿದಳು. “ಅಯ್ಯೋ ಕ್ಯಾಪ್ಟನ್! ಜನದ ಮೇಳ ಅಲ್ಲ, ವೀಣೆ ಮೇಳ!”

ಟೀಚರು ಇಬ್ಬರನ್ನೂ ಬಿಟ್ಟು ವಾರಿಜಾಳ ಕೈ ನೋಡಿದರು. ಹತ್ತು ಉಗುರುಗಳ ಸಂದಿಯಲ್ಲೂ ಕರಿಮೇಣ.

“ಹದಿನಾಲ್ಕನೇದು ಒಂದೆಳೆ ಏರಿದೆ,” ಎಂದರು.

ವಾರಿಜಾ ತಲೆಯಾಡಿಸಿದಳು.

“ಗೊತ್ತಿತ್ತಾ?”

ಮತ್ತೆ ತಲೆಯಾಡಿಸಿದಳು.

“ಗೊತ್ತಿತ್ತಲ್ಲ, ಅದೇ ದೊಡ್ಡದು. ಇದನ್ನ ನಾನು ಮುಟ್ಟಲ್ಲ. ಕಟ್ಟಿದವಳೇ ಬಂದು ಸರಿಮಾಡ್ಬೇಕು. ಯಾವಾಗ ಬರ್ತೀಯಾ?”

ವಾರಿಜಾ ಚಪ್ಪರದ ಕಂಬ ನೋಡಿದಳು. ಉತ್ತರ ನಾಲಿಗೆಯ ಮೇಲೇ ಇತ್ತು. ಅಷ್ಟರಲ್ಲಿ ಮೈಕಿನವನು ಟೀಚರನ್ನು ಕರೆದ.

ದೀಪ ಹಚ್ಚಿದರು. ಊರಿಗೆ ಊರೇ ಚಾಪೆ ತುಂಬಿ, ಉಳಿದವರು ಹೊರಗೆ ಎತ್ತಿನ ಗಾಡಿಗಳ ಮೇಲೆ ಕೂತರು. ಉಗ್ರಪ್ಪನೂ ಗುಡ್ಡಕ್ಕೆ ಮರಳದೆ ಒಂದು ಕಂಬಕ್ಕೆ ಒರಗಿ ನಿಂತ. ಟೀಚರು ನುಡಿಸಿದರು. ಹದಿನಾಲ್ಕನೆಯ ಮೆಟ್ಟಿಲಿನ ಸ್ವರ ಬಂದಾಗಲೆಲ್ಲ ಅದನ್ನು ಮುಟ್ಟದೆ, ಹಿಂದಿನ ಮೆಟ್ಟಿಲಿನಿಂದ ತಂತಿಯನ್ನು ಎಳೆದು ಆ ಸ್ವರವನ್ನು ಹುಟ್ಟಿಸಿದರು. ಚಪ್ಪರದಲ್ಲಿ ಅದು ಗೊತ್ತಾದದ್ದು ಒಬ್ಬಳಿಗೇ. ಕೋಸಂಬರಿಯ ದೊನ್ನೆ ಹಿಡಿದು ಕೂತ ಅವಳು ತಿನ್ನುವುದನ್ನೇ ಮರೆತಿದ್ದಳು.

ಮರುದಿನ ಬೆಳಕು ಹರಿಯುತ್ತಲೇ ಹೊರಟರು. ರಾತ್ರಿಯ ತಂಪು ಬಂಡೆಗಳಲ್ಲಿ ಇನ್ನೂ ಉಳಿದಿತ್ತು. ಉಗ್ರಪ್ಪ ಕ್ವಾರಿಯ ಹತ್ತಿರ ಸೀಟಿ ಹಿಂದಿರುಗಿಸಿದ. “ಬನಶಂಕರೀಲಿ ಊದ್ಕೋ,” ಎಂದು ಬುದ್ಧಿ ಹೇಳಿದ. ಉತ್ತರಹಳ್ಳಿಯಲ್ಲಿ ಸಪ್ಪಲಮ್ಮ ಸೇತುರಾಮನ ಖಾಲಿ ಬೆನ್ನು ನೋಡಿ, “ಮುದುಕೀನ ಇಳಿಸ್ಬಂದ್ರಾ?” ಎಂದು ನಕ್ಕಳು. ವಾರಿಜಾ ಈಗ ಮುಂದಿದ್ದಳು. ಯಾವ ಗುಂಡಿ ಎಲ್ಲಿದೆಯೆಂದು ಅವಳಿಗೆ ಯಾರೂ ಕೂಗಿ ಹೇಳಬೇಕಾಗಿರಲಿಲ್ಲ.

ಬನಶಂಕರಿಯಲ್ಲಿ ಚಕ್ರಪಾಣಿಯ ಅಂಗಡಿ ತೆರೆದಿತ್ತು.

“ವಾರಿಜಾ, ನಿಲ್ಸು! ಅಂಗಡಿ ಬಂತು!”

ಅವಳು ನಿಲ್ಲಿಸಲಿಲ್ಲ. “ಇನ್ನೂ ಬೇಕಣ್ಣ,” ಎಂದು ಚಕ್ರಪಾಣಿಯ ಕಡೆ ಹೇಳಿದಳೋ ಇಲ್ಲವೋ ಎನ್ನುವಂತೆ ಹೇಳಿ ಮುಂದಕ್ಕೆ ತುಳಿದಳು.

“ಲೇ, ನನ್ನ ವಾಚು!” ಹಿಂದಿನಿಂದ ಸೇತುರಾಮ ಕೂಗುತ್ತಿದ್ದ. ಅಲಮೇಲುವಿನ ನಗು ಅದಕ್ಕಿಂತ ಜೋರಾಗಿತ್ತು.

ಮನೆಯ ಜಗಲಿಯ ಮೇಲೆ ರಂಗೋಲಿಯ ನಕ್ಷೆ ಅರ್ಧ ಅಳಿಸಿತ್ತು. ಅಜ್ಜಿ ಹೂ ಕಟ್ಟುತ್ತಿದ್ದರು. ಅಪ್ಪ ಆಫೀಸಿಗೆ ಹೊರಡಲು ಕೊಡೆ ಹುಡುಕುತ್ತಿದ್ದರು.

“ತಲುಪ್ತಾ?” ಎಂದರು ಅಪ್ಪ.

“ತಲುಪ್ತು.”

“ನೋಡಿದ್ಯಾ, ರಾಹುಕಾಲ ಕಳೆದು ಹೊರಟಿದ್ದಕ್ಕೇ,” ಎಂದರು ಅಜ್ಜಿ.

“ಸರಿ. ಕೊಟ್ಟ ವಸ್ತು ಹಿಂದಕ್ಕೆ ಮುಟ್ಟಿಸಿದ ಹಾಗಾಯ್ತು. ಅಲ್ಲಿಗೆ ಮುಗೀತು,” ಎಂದು ಅಪ್ಪ ಚಪ್ಪಲಿ ಮೆಟ್ಟಿದರು. ಆಮೇಲೆ ಗೇಟಿನ ಕಡೆ ನೋಡಿದರು. “ಇದ್ಯಾರದು ಸೈಕಲ್ಲು?”

“ಬಾಡಿಗೇದು.”

“ಕೆಲ್ಸ ಮುಗೀತಲ್ಲ, ವಾಪಸ್ ಕೊಡ್ಲಿಲ್ವಾ?”

ವಾರಿಜಾ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದಳು. ಹ್ಯಾಂಡಲಿನ ಮೇಲೆ ಅವಳ ಕರಿಯ ಉಗುರುಗಳು. ಯಾವಾಗಿನಂತೆ ಮಾತು ಗಂಟಲವರೆಗೆ ಬಂದು ಕೂತಿತು. ಆಮೇಲೆ ಎದ್ದಿತು.

“ಮುಗೀಲಿಲ್ಲ ಅಪ್ಪ,” ಎಂದಳು. “ನಂಗಿನ್ನೂ ಕಲೀಬೇಕು.”